ಹಿಟ್ಟೇ ನೂರು



ಶೇಕಡಾ ಲೆಕ್ಕ ಬಂತೆಂದರೆ ಎಷ್ಟೋ ಮಕ್ಕಳ ಮುಖ ಬಾಡುತ್ತದೆ. ಬಡ್ಡಿ, ಲಾಭ, ನಷ್ಟ ಇವೆಲ್ಲ ಅವರು ಇನ್ನೂ ಮಾಡದ ವ್ಯವಹಾರ. ಬ್ರೆಡ್ ಹಾಗಲ್ಲ, ಅದು ಅವರು ತಿನ್ನುವ ವಸ್ತು. ಅದನ್ನು ಮನೆಯಲ್ಲೇ ಮಾಡುವಾಗ ಈ ಲೆಕ್ಕ ತಾನಾಗಿಯೇ ಬೇಕಾಗುತ್ತದೆ.

ಬೇಕರಿಯವರದು ಒಂದು ವಿಶೇಷ ಪದ್ಧತಿ. ಹಿಟ್ಟು ಎಷ್ಟೇ ತೂಗಲಿ, ಅದನ್ನು ನೂರು ಎಂದು ಹಿಡಿಯುತ್ತಾರೆ. ಉಳಿದದ್ದೆಲ್ಲ ಹಿಟ್ಟಿನ ಶೇಕಡಾವಾರು. ಸಾದಾ ಬ್ರೆಡ್ಡಿಗೆ ನೀರು 60, ಉಪ್ಪು 2, ಒಣ ಯೀಸ್ಟ್ 1 ಎಂದಿಟ್ಟುಕೊಳ್ಳೋಣ. ಮೈದಾ 500 ಗ್ರಾಂ ಇದ್ದರೆ? ನೀರು 300 ಗ್ರಾಂ, ಉಪ್ಪು 10, ಯೀಸ್ಟ್ 5. ಇಷ್ಟನ್ನು ಮಗು ಬೇಗ ಹೇಳುತ್ತದೆ.

ಆಮೇಲೆ ಹಿಟ್ಟಿನ ನೂರೂ ಸೇರಿ ಎಲ್ಲ ಶೇಕಡಾಗಳನ್ನೂ ಕೂಡಿಸಲು ಹೇಳಿ. 163 ಬರುತ್ತದೆ. ಶೇಕಡಾ ನೂರನ್ನು ದಾಟುವುದುಂಟೇ? ಈ ಪ್ರಶ್ನೆ ಮಗುವಿನ ಬಾಯಿಂದಲೇ ಬರಲಿ, ಅವಸರಪಡಬೇಡಿ. ಇಲ್ಲಿ ನೂರು ಎಂದರೆ ಹಿಟ್ಟು, ಇಡೀ ಮುದ್ದೆಯಲ್ಲ. ಅದೇ ನೀರು ಹಿಟ್ಟಿನ ಶೇಕಡಾ 60, ನಾದಿದ ಮುದ್ದೆಯ ಸುಮಾರು ಶೇಕಡಾ 37. ಯಾವುದರ ಶೇಕಡಾ ಎಂದು ಕೇಳುವ ಅಭ್ಯಾಸ ಬಂದರೆ, ನನ್ನ ಮಟ್ಟಿಗೆ ಈ ಅಧ್ಯಾಯದ ತಿರುಳೇ ಬಂದಂತೆ. ದೊಡ್ಡವರು ರಿಯಾಯಿತಿಯ ಜಾಹೀರಾತು ನೋಡಿ ಎಡವುವುದೂ ಇಲ್ಲಿಯೇ.

ಈಗ ಲೆಕ್ಕ ತಿರುಗಿಸಿ. 652 ಗ್ರಾಂ ಮುದ್ದೆ ಬೇಕು, ಹಿಟ್ಟು ಎಷ್ಟು ತರಲಿ? 652ನ್ನು 163ರಿಂದ ಭಾಗಿಸಿದರೆ ಒಂದು ಪಾಲಿಗೆ 4 ಗ್ರಾಂ; ಹಿಟ್ಟು ನೂರು ಪಾಲು, ಅಂದರೆ 400 ಗ್ರಾಂ. ಬೀಜಗಣಿತದ ಸಮೀಕರಣ ಇದೇ, ಹೆಸರು ಆಮೇಲೆ ಹೇಳಿದರಾಯಿತು.

ಲೋಟದಲ್ಲಿ ಅಳೆದರೆ ಸಾಲದೇ ಎಂದು ಕೆಲವರು ಕೇಳಬಹುದು. ಒಂದೇ ಲೋಟದಲ್ಲಿ ಮೂರು ಸಲ ಹಿಟ್ಟು ತುಂಬಿ, ಪ್ರತಿ ಸಲ ತೂಗಿಸಿ ನೋಡಿ. ಒತ್ತಿ ತುಂಬಿದರೆ ಒಂದು ತೂಕ, ಉದುರಿಸಿ ತುಂಬಿದರೆ ಇನ್ನೊಂದು. ಸರಾಸರಿಯ ಪಾಠಕ್ಕೆ ಬೇರೆ ಅಂಕಿ ಹುಡುಕಬೇಕಿಲ್ಲ.

ಬೇಯಿಸುವ ಮುನ್ನ ಮುದ್ದೆಯನ್ನೂ ಬೆಂದು ಆರಿದ ಮೇಲೆ ಬ್ರೆಡ್ಡನ್ನೂ ತೂಗಿಸಿ. ನೀರು ಆವಿಯಾಗಿ ತೂಕ ಇಳಿದಿರುತ್ತದೆ. ಶೇಕಡಾ ಎಷ್ಟು ಇಳಿಯಿತು, ಯಾವ ತೂಕವನ್ನು ನೂರು ಎಂದು ಹಿಡಿಯಬೇಕು ಎಂಬುದನ್ನು ಮಗುವೇ ನಿರ್ಧರಿಸಲಿ.

ಬಿಸಿ ಓವನ್ನಿನ ಕೆಲಸ ಮಾತ್ರ ದೊಡ್ಡವರದು. ತಕ್ಕಡಿ, ಪೆನ್ಸಿಲು ಮಕ್ಕಳ ಕೈಗೆ ಕೊಡಿ. ಉತ್ತರ ತಪ್ಪಾದರೂ ಕೂಡಲೇ ತಿದ್ದಬೇಡಿ; ನೀರು ಹೆಚ್ಚಾಗಿದ್ದರೆ ಹಿಟ್ಟು ಕೈಗೆ ಅಂಟುತ್ತದೆ, ಆಗ ಅವರೇ ಲೆಕ್ಕವನ್ನು ಮತ್ತೆ ನೋಡುತ್ತಾರೆ.