ಎರಡು ಮಾತ್ರೆ, ಒಂದು ಗೇಟು

ನಾನು ಹಾಸನದವನು. 2016ರಿಂದ ವೈಟ್ಟಿಲದಲ್ಲಿದ್ದೀನಿ, ಕೆಲಸ ಕಾಕ್ಕನಾಡಿನಲ್ಲಿ. ಇವತ್ತು ಎರಡು ಮಾತ್ರೆಗಳ ಕಥೆ ಹೇಳ್ತೀನಿ.

2018ರ ಆಗಸ್ಟ್ ನಿಮಗೆ ನೆನಪಿರುತ್ತೆ. ನಮ್ಮ ಕೊಡಗಿನ ಗುಡ್ಡಗಳು ಕುಸಿದಿದ್ದೂ ಅದೇ ಮಳೆಗೆ. ಇಲ್ಲಿ ಪೆರಿಯಾರ್ ಉಕ್ಕಿ ಆಲುವಾ ಮುಳುಗಿತು, ಕೊಚ್ಚಿ ವಿಮಾನ ನಿಲ್ದಾಣ ಎರಡು ವಾರ ಮುಚ್ಚಿತ್ತು. ನೀರು ಇಳಿದ ಮೇಲೆ ಸಹೋದ್ಯೋಗಿಯ ಮನೆ ತೊಳೆಯೋಕೆ ಆರು ಜನ ಆಲುವಾಕ್ಕೆ ಹೋದ್ವಿ. ಚಪ್ಪಲಿ ಕೆಸರಲ್ಲೇ ಹೂತುಹೋಯ್ತು, ಬರಿಗಾಲಲ್ಲೇ ಕೆಲಸ ಮಾಡಿದೆ. ಆಶಾ ಕಾರ್ಯಕರ್ತೆಯೊಬ್ಬರು ಎಲ್ಲರ ಕೈಗೂ ಎರಡೆರಡು ಡಾಕ್ಸಿಸೈಕ್ಲಿನ್ ಮಾತ್ರೆ ಇಟ್ಟು "ಎಲಿಪ್ಪನಿ" ಅಂದ್ರು. ಇಲಿಜ್ವರ. ಉಳಿದ ಐವರು ಅಲ್ಲೇ ನುಂಗಿದ್ರು. ಜ್ವರವೇ ಇಲ್ಲದೆ ಆಂಟಿಬಯಾಟಿಕ್ ಯಾಕೆ ಅನ್ನೋ ಜಾಣತನ ನಂದು, ಜೇಬಿಗೆ ಹಾಕ್ಕೊಂಡೆ.

ಒಂಬತ್ತನೇ ದಿನ ಜ್ವರ. ಮೀನಖಂಡ ಹಿಂಡಿದ ಹಾಗೆ ನೋವು, ಕಣ್ಣು ಕೆಂಪು. ಪ್ಯಾರಾಸಿಟಮಾಲ್ ನುಂಗಿ ಮೂರು ದಿನ ಲಾಗಿನ್ ಆದೆ! ನಾಲ್ಕನೇ ದಿನ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿತು. ಹನ್ನೊಂದು ದಿನ ಆಸ್ಪತ್ರೆ. ಕಿಡ್ನಿ ಉಳಿಯುತ್ತೋ ಇಲ್ವೋ ಅಂತ ಅಮ್ಮ ಹಾಸನದಿಂದ ಬಂದು, ಭಾಷೆ ಬರದೆ, ನರ್ಸ್‌ಗಳ ಮುಖ ನೋಡ್ತಾ ಕೂತಿದ್ರು. ಆ ಐವರಿಗೆ ಏನೂ ಆಗಲಿಲ್ಲ.

ಇಲಿಯ ಮೂತ್ರದಿಂದ ಬರೋ ಬ್ಯಾಕ್ಟೀರಿಯಾ ನಿಂತ ನೀರಲ್ಲಿ, ಕೆಸರಲ್ಲಿ ಬದುಕಿರುತ್ತೆ. ಒಳಗೆ ಹೋಗೋಕೆ ಕಾಲಿನ ಸಣ್ಣ ಗಾಯ ಸಾಕು. ಕೆಸರಿಗೆ ಇಳಿಯೋ ದೊಡ್ಡವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಅಂತ ಆ ವರ್ಷ ಕೇರಳದ ಆರೋಗ್ಯ ಇಲಾಖೆ ಹಂಚಿತು. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಈ ಮಾತ್ರೆ ಆಗಲ್ಲ, ಅವರಿಗೆ ಬೇರೆ ಔಷಧಿ ಡಾಕ್ಟರೇ ಹೇಳ್ಬೇಕು.

ಪ್ರವಾಹ ಅಪರೂಪ ಅಂದ್ಕೋಬೇಡಿ. ಅರಬ್ಬೀ ಸಮುದ್ರ ಬಿಸಿಯಾಗ್ತಿದೆ, ದಿನವಿಡೀ ಬರಬೇಕಾದ ಮಳೆ ಒಂದೆರಡು ಗಂಟೆಯಲ್ಲಿ ಸುರಿದುಬಿಡುತ್ತೆ. 2024ರ ಮೇ 28ರಂದು ಇನ್ಫೋಪಾರ್ಕ್‌ಗೇ ನೀರು ನುಗ್ಗಿತ್ತು. ಪ್ಯಾಂಟ್ ಮಡಚಿ ದಾಟಿದವರು ಇಲ್ಲೂ ಇದ್ದೀರಿ ಅಲ್ವಾ?

ಆ ವಾರ ನಮ್ಮ ಅಪಾರ್ಟ್‌ಮೆಂಟ್ ಗೇಟಿಗೂ ಆಶಾ ಚೇಚಿ ಬಂದಿದ್ರಂತೆ. ಯಾವ ಫ್ಲ್ಯಾಟು ಅಂತ ಸೆಕ್ಯುರಿಟಿ ಕೇಳಿದ, ಎಲ್ಲಾ ಫ್ಲ್ಯಾಟು ಅಂದ್ರು, ವಾಪಸ್ ಕಳಿಸಿದ. ತಪ್ಪು ಅವನದ್ದಲ್ಲ, ನಿಯಮ ಮಾಡಿದ್ದು ನಾವು. ಬೇಸ್‌ಮೆಂಟಿನ ನೀರಲ್ಲಿ ರಾತ್ರಿಯೆಲ್ಲ ನಿಂತು ಪಂಪ್ ಹಾಕಿದ್ದು ಮಾತ್ರ ಅವನೇ. ಮೀಟಿಂಗಲ್ಲಿ ನಾನು ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ತೋರಿಸಬೇಕಾಯ್ತು, ಆಮೇಲೆ ಒಪ್ಪಿದ್ರು.

ಇಲ್ಲಿ ನಿಂತ ನೀರು ಚೆಲ್ಲೋಕೆ ಶುಕ್ರವಾರ ಶಾಲೆ, ಶನಿವಾರ ಆಫೀಸು, ಭಾನುವಾರ ಮನೆ ಅಂತ ಇದೆ. ಹೆಸರು ಡ್ರೈ ಡೇ. ಹೊಸಬರು ಮದ್ಯದಂಗಡಿಗೆ ರಜೆ ಅಂದ್ಕೋತಾರೆ, ನಾನೂ ಅಂದ್ಕೊಂಡಿದ್ದೆ. ಒಂದು ಭಾನುವಾರ ಚೇಚಿ ನಮ್ಮ ಬೇಸ್‌ಮೆಂಟಿಗೆ ಇಳಿದು, ಮೂಲೆಯಲ್ಲಿದ್ದ ಹಳೇ ಟೈರಿಗೆ ಟಾರ್ಚ್ ಬಿಟ್ಟು ಸೊಳ್ಳೆಮರಿ ತೋರಿಸಿದ್ರು. ಇದು ಯಾರದು ಅಂತ ಕೇಳಿದ್ರು.

ಟೈರು ನಂದೇ.