ಬಳಕೆ ತಪ್ಪಿದ ಪದಗಳು ಮತ್ತು ಮಗುವಿನ ಮನೆಮಾತು



ಗೋವೆಯ ಫೋಂಡಾ ತಾಲೂಕಿನ ಮಡ್ಕಯಿ ಗ್ರಾಮವು ನವದುರ್ಗೆಯ ದೇವಾಲಯಕ್ಕೆ ಹೆಸರಾದುದು. ಈಗ ಅಲ್ಲಿ ಕೈಗಾರಿಕಾ ವಸಾಹತೊಂದು ಇದೆ. ನೆರೆಯ ಕುಂಡಯಿಯಲ್ಲಿಯೂ ಇದೆ. ಇಂತಹ ಕಡೆಗಳಿಗೆ ಉತ್ತರ ಕರ್ನಾಟಕದಿಂದ ದುಡಿಯಲು ಬರುವ ಕುಟುಂಬಗಳ ಮಕ್ಕಳು ಮನೆಯಲ್ಲಿ ತಾಯಿಯ ಕನ್ನಡವನ್ನೂ ಬೀದಿಯಲ್ಲಿ ಕೊಂಕಣಿಯನ್ನೂ ಕೇಳುತ್ತಾರೆ. ಕನ್ನಡ ಶಾಲೆಯ ಭಾಗ್ಯವಿದ್ದರೆ, ಅಲ್ಲಿ ಪಠ್ಯಪುಸ್ತಕದ ಮೂರನೆಯ ಬಗೆಯ ಮಾತೊಂದು ಅವರ ಕಿವಿಗೆ ಬೀಳುತ್ತದೆ. ಒಂದನೆಯ ತರಗತಿಯ ಚಿತ್ರಪಟದಲ್ಲಿ ಅಂಗಿ, ಲಂಗಗಳನ್ನು ತೋರಿಸಿ ‘ಇವು ಏನು?’ ಎಂದು ಕೇಳಿದಾಗ ಮಗು ‘ಅರಿವಿ’ ಎನ್ನುತ್ತದೆ. ಪುಸ್ತಕದಲ್ಲಿರುವುದು ‘ಬಟ್ಟೆ’. ಆ ಕ್ಷಣದಲ್ಲಿ ಶಿಕ್ಷಕರ ಬಾಯಿಂದ ಬರುವ ಮಾತು ಯಾವುದು ಎಂಬುದೇ ಇಂದಿನ ವಿಚಾರ.

‘ತಪ್ಪು’ ಎಂಬ ಮಾತು ಸಾಮಾನ್ಯವಾಗಿ ಬರುತ್ತದೆ. ಅದು ಶಾಸ್ತ್ರದೃಷ್ಟಿಯಿಂದಲೇ ಸರಿಯಲ್ಲ. ‘ಅಱಿವೆ’ ಎಂಬುದು ವಸ್ತ್ರವೆಂಬ ಅರ್ಥದ ಹಳಗನ್ನಡ ಪದ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ ಅದಕ್ಕೆ ಸ್ಥಾನವಿದೆ. ಶಕಟರೇಫವೆಂದು ಕರೆಯಲ್ಪಡುವ ‘ಱ’ ಅಕ್ಷರವು ಬರಹದಿಂದ ಅಳಿದರೂ ಪದವು ಬಾಗಲಕೋಟೆ, ಗದಗಿನ ಮನೆಗಳಲ್ಲಿ ಉಳಿಯಿತು. ಇನ್ನು ಪುಸ್ತಕದ ‘ಬಟ್ಟೆ’ಯ ಕಥೆ ಮತ್ತೂ ಸ್ವಾರಸ್ಯಕರವಾದುದು. ಹಳಗನ್ನಡ ಕಾವ್ಯಗಳಲ್ಲಿ ಬಟ್ಟೆ ಎಂದರೆ ಬಹುತೇಕ ದಾರಿ. ಸಂಸ್ಕೃತದ ‘ವರ್ತ್ಮ’ದ ತದ್ಭವವದು; ಹೆದ್ದಾರಿಗೆ ‘ಹೆಬ್ಬಟ್ಟೆ’ ಎಂಬ ಪದವಿತ್ತು. ಈ ಅರ್ಥ ಕನ್ನಡದಲ್ಲಿ ಮರೆಯಾಗಿದೆ. ಆದರೆ ಮಡ್ಕಯಿಯ ಮಗು ದಿನವೂ ಕೊಂಕಣಿಯಲ್ಲಿ ಕೇಳುವ ‘ವಾಟ’ ಅದೇ ಮೂಲದಿಂದ ಬಂದು ಇಂದಿಗೂ ದಾರಿಯನ್ನೇ ಸೂಚಿಸುತ್ತಿದೆ. ಪ್ರೌಢಶಾಲೆಯಲ್ಲಿ ಹಳಗನ್ನಡ ಪದ್ಯದಲ್ಲಿ ‘ಬಟ್ಟೆ’ ಎದುರಾದಾಗ ಬೆಂಗಳೂರಿನ ವಿದ್ಯಾರ್ಥಿಗಿಂತ ಗೋವೆಯ ವಿದ್ಯಾರ್ಥಿಗೆ ಅದನ್ನು ವಿವರಿಸುವುದು ಸುಲಭ. ‘ಉದಕ’ವೂ ಹಾಗೆಯೇ. ಕನ್ನಡದಲ್ಲಿ ಅದು ವಚನಗಳಿಗೂ ಪೂಜೆಯ ಮಾತಿಗೂ ಸರಿದಿದೆ. ಗೋವೆಯ ಕೊಂಕಣಿಯಲ್ಲಿ ನಲ್ಲಿಯಿಂದ ಬರುವುದೇ ಉದಕ.

ಈ ಮಕ್ಕಳ ಮಾತನ್ನು ಒರಟೆಂದು ತಳ್ಳುವವರು ಕವಿರಾಜಮಾರ್ಗವನ್ನು ಒಮ್ಮೆ ನೆನೆಯಬೇಕು. ಒಂಬತ್ತನೆಯ ಶತಮಾನದ ಆ ಗ್ರಂಥವು ಕನ್ನಡದ ತಿರುಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡಿನಲ್ಲಿದೆ ಎನ್ನುತ್ತದೆ. ಇಂದಿನ ಹೆಸರುಗಳಲ್ಲಿ ಹೇಳುವುದಾದರೆ ಅವು ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲು, ಕೊಪ್ಪಳ, ಗದಗ ಜಿಲ್ಲೆಯ ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದ. ಗೋವೆಗೆ ಕೂಲಿಗಾಗಿ ಬರುವ ಬಸ್ಸುಗಳನ್ನು ಹತ್ತುವವರಲ್ಲಿ ಎಷ್ಟೋ ಮಂದಿ ಈ ನಾಲ್ಕು ಜಿಲ್ಲೆಗಳವರೇ. ದೇಸಿ ಭೇದಗಳನ್ನು ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಯೂ ಬೇಸರಗೊಂಡಾನೆಂದು ಅದೇ ಗ್ರಂಥಕಾರನು ಒಪ್ಪಿಕೊಂಡಿದ್ದಾನೆ. ಆಗಲೇ ಅಷ್ಟಿದ್ದರೆ ಈಗ ಹೇಳಬೇಕಾದುದಿಲ್ಲ.

ಹಳೆಯ ಪದಗಳು ಸಾಯುವುದಕ್ಕಿಂತ ಅಡಗುವುದೇ ಹೆಚ್ಚು. ‘ನೆಯ್’ ಎಂದರೆ ತುಪ್ಪ, ಜಿಡ್ಡು. ತಮಿಳು, ಮಲಯಾಳ, ತುಳುಗಳಲ್ಲಿ ಅದು ಉಳಿದಿದೆ. ಕನ್ನಡದಲ್ಲಿ ತುಪ್ಪವು ಅದರ ಸ್ಥಾನವನ್ನು ಪಡೆಯಿತು. ಆದರೂ ಎಳ್ಳಿನ ನೆಯ್ ‘ಎಣ್ಣೆ’ಯಾಗಿ, ಬಿಳಿಯ ನೆಯ್ ‘ಬೆಣ್ಣೆ’ಯಾಗಿ ಪ್ರತಿ ಅಡುಗೆಮನೆಯಲ್ಲಿಯೂ ಇದೆ. ಮಡ್ಕಯಿಯಿಂದ ಕುಠ್ಠಾಳಿಗೆ ದಾಟುವ ಫೆರಿಯನ್ನು ಮಕ್ಕಳೆಲ್ಲ ಬಲ್ಲರು. ದೋಣಿಗೆ ಹಳೆಯ ಕನ್ನಡದಲ್ಲಿ ‘ಓಡ’ ಎಂದೂ ‘ಅಂಬಿ’ ಎಂದೂ ಹೆಸರುಗಳಿದ್ದವು. ಅಂಬಿ ಹೋಯಿತು, ಅಂಬಿಗ ಉಳಿದ. ಅಂಬಿಗರ ಚೌಡಯ್ಯನ ಪಾಠವನ್ನು ಈ ದೋಣಿಯಿಂದಲೇ ಆರಂಭಿಸಬಹುದು.

ಅರ್ಥವು ಕುಗ್ಗುವುದೂ ಉಂಟು. ‘ಕೂಳು’ ಒಂದು ಕಾಲಕ್ಕೆ ಅನ್ನಕ್ಕೆ ಸಹಜವಾದ ಹೆಸರು. ಇಂದು ಬೈಗುಳಕ್ಕೆ ಹತ್ತಿರ. ‘ನಾರು’ ಎಂದರೆ ಪರಿಮಳಿಸುವುದೂ ಆಗಿತ್ತು. ಇಂಗ್ಲಿಷಿನಲ್ಲಿಯೂ ಇದೇ ಬಗೆ: ‘ಮೀಟ್’ ಎಂದರೆ ಮೊದಲು ಯಾವುದೇ ಆಹಾರ, ಈಗ ಮಾಂಸ ಮಾತ್ರ, ಹಳೆಯ ಅರ್ಥ ‘ಸ್ವೀಟ್‌ಮೀಟ್’ ಎಂಬ ಸಿಹಿತಿಂಡಿಯಲ್ಲಿ ಅಡಗಿದೆ. ಮಗುವಿಗೆ ಪುಸ್ತಕದ ಇಂಗ್ಲಿಷು ‘ಚೈಲ್ಡ್’ ಎಂದರೆ ಉತ್ತರ ಇಂಗ್ಲೆಂಡಿನವರೂ ಸ್ಕಾಟ್ಲೆಂಡಿನವರೂ ‘ಬೇರ್ನ್’ ಎನ್ನುತ್ತಾರೆ. ಅದು ಹಳೆಯ ಇಂಗ್ಲಿಷಿನ ಪದವೇ. ‘ಕೂಸು’ ಮತ್ತು ‘ಮಗು’ಗಳನ್ನು ಅದರ ಪಕ್ಕದಲ್ಲಿಟ್ಟು ನೋಡಬಹುದು.

ಅಂತಹ ಪದಗಳನ್ನು ಆರು ಸಂಪುಟಗಳ ಆಂಗ್ಲ ಉಪಭಾಷಾ ನಿಘಂಟಿನಲ್ಲಿ (1898–1905) ಸಂಗ್ರಹಿಸಿದವರು ಜೋಸೆಫ್ ರೈಟ್. ಯಾರ್ಕ್‌ಷೈರಿನ ಬಡ ಮನೆಯ ಹುಡುಗ. ಆರನೆಯ ವಯಸ್ಸಿನಲ್ಲಿ ಕಲ್ಲುಗಣಿಯಲ್ಲಿ ಕತ್ತೆಗಾಡಿ ಹೊಡೆದವರು, ಬಳಿಕ ನೂಲಿನ ಗಿರಣಿಯಲ್ಲಿ ದುಡಿದವರು. ಹದಿನೈದರ ಸುಮಾರಿಗೆ ತಾವಾಗಿಯೇ ಓದಲು ಕಲಿತು, ಮುಂದೆ ಆಕ್ಸ್‌ಫರ್ಡಿನಲ್ಲಿ ತೌಲನಿಕ ಭಾಷಾಶಾಸ್ತ್ರದ ಪ್ರಾಧ್ಯಾಪಕರಾದರು. ಮನೆಯ ಮಾತಿನ ಬಗ್ಗೆ ನಾಚಿಕೆಪಟ್ಟಿದ್ದರೆ ಆ ನಿಘಂಟು ಹುಟ್ಟುತ್ತಿರಲಿಲ್ಲ. ಕೈಗಾರಿಕಾ ವಸಾಹತಿನ ಶಾಲೆಗಳಲ್ಲಿ ಕಲಿಸುವವರು ಈ ಜೀವನವನ್ನು ಮಕ್ಕಳಿಗೆ ಹೇಳಲೇಬೇಕು.

ಹಾಗೆಂದು ಮನೆಯ ಮಾತೆಲ್ಲ ಪ್ರಾಚೀನವೆಂದು ಸಂಭ್ರಮಿಸುವುದೂ ಸಲ್ಲದು. ‘ಕಿಸೆ’ ಅರಬ್ಬಿ–ಪಾರಸಿ ಮೂಲದ್ದು. ‘ಲಗೂನ’ದ ಹಿಂದೆ ಮರಾಠಿಯಿದೆ. ಅವು ಅನ್ಯಮೂಲದವೆಂಬ ಕಾರಣಕ್ಕೆ ಕೀಳಲ್ಲ, ಹಳಗನ್ನಡವೂ ಅಲ್ಲ. ಧ್ವನಿ ಹೋಲಿತೆಂದು ಮೂಲ ಕಟ್ಟುವ ಚಪಲವಂತೂ ಶಿಕ್ಷಕರಲ್ಲಿ ಸ್ವಲ್ಪ ಹೆಚ್ಚೇ. ಮಡ್ಕಯಿ ಎಂದೊಡನೆ ‘ಮಡಕೆ’ಯನ್ನು ನೆನೆದು ಊರಿಗೆ ಕನ್ನಡದ ಹುಟ್ಟುಪತ್ರ ಬರೆಯುವುದು ವಿನೋದಕ್ಕೆ ಸರಿ, ಪಾಠಕ್ಕಲ್ಲ. ಶಾಸನಾಧಾರವಿಲ್ಲದೆ, ಧ್ವನಿಪರಿವರ್ತನೆಯ ನಿಯಮವಿಲ್ಲದೆ ಅಂತಹ ಮಾತು ನಿಲ್ಲದು. ‘ಪಾಲ್’ ಹಾಲಾದುದು, ‘ಪುಲಿ’ ಹುಲಿಯಾದುದು ನಿಯಮಬದ್ಧವಾಗಿ. ಒಂದು ಪದದಲ್ಲಲ್ಲ, ನೂರಾರು ಪದಗಳಲ್ಲಿ.

ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಲಭ್ಯವಿರಬೇಕೆನ್ನುತ್ತದೆ. ಶಾಲೆ ಸಿಕ್ಕಿಯೂ ತಾಯಿಯ ಪದಕ್ಕೆ ಕೆಂಪುಗೆರೆ ಬಿದ್ದರೆ ಆ ಸೌಲಭ್ಯವು ಕಾಗದದಲ್ಲಿ ಉಳಿಯಿತೆಂದೇ ಅರ್ಥ. ಹೀಗೆ ಎರಡು ಸಲ ತಿದ್ದಿಸಿಕೊಂಡ ಮಗು ಮೂರನೆಯ ಸಲ ಕೈ ಎತ್ತುವುದಿಲ್ಲ. ಹೊರಗೆ ಕೊಂಕಣಿಯೋ ಹಿಂದಿಯೋ ಸುಲಭವಾಗಿ ಸಿಗುವ ಊರಿನಲ್ಲಿ ಅದಕ್ಕೆ ಕನ್ನಡವನ್ನು ಬಿಡುವುದೂ ಸುಲಭ.

ಪರೀಕ್ಷೆಗೆ ಪುಸ್ತಕದ ಪದ ಬೇಕೇ ಬೇಕು. ಅದನ್ನು ಮನೆಯ ಪದದ ಜೊತೆಗಿಟ್ಟು ಕಲಿಸಬೇಕು, ಅದನ್ನು ಅಳಿಸಿ ಅಲ್ಲ. ‘ಅರಿವಿ’ ಎಂದ ಮಗುವಿಗೆ ‘ಹೌದು, ಪುಸ್ತಕದಲ್ಲಿ ಅದಕ್ಕೆ ಬಟ್ಟೆ ಅಂತಾರೆ’ ಎಂದರೆ ಸಾಕು. ‘ಉಂಡೆ’ ಎಂದರೆ ‘ಊಟ ಮಾಡಿದೆ’ ಎಂದು ಬರೆಯಿಸುವಾಗ, ‘ಊಟ’ ಹುಟ್ಟಿದುದೇ ‘ಉಣ್’ ಧಾತುವಿನಿಂದ ಎಂದು ನಾಲ್ಕನೆಯ ತರಗತಿಯ ಹೊತ್ತಿಗೆ ತಿಳಿಸಬಹುದು. ಒಂದನೆಯ, ಎರಡನೆಯ ತರಗತಿಗಳಲ್ಲಿ ಪದಭೇದಕ್ಕೆ ಅಂಕ ಕಳೆಯಕೂಡದು.

ಮುಂದಿನ ಅಧಿವೇಶನಕ್ಕೆ ಬರುವಾಗ ಪ್ರತಿಯೊಬ್ಬ ಶಿಕ್ಷಕರೂ ತರಗತಿಯ ಮಕ್ಕಳ ಮನೆಗಳಿಂದ ಹತ್ತು ಪದಗಳನ್ನು ಬರೆದು ತರಬೇಕೆಂದು ಕೋರಲಾಗಿದೆ. ಪದದ ಎದುರಿಗೆ ಕುಟುಂಬದ ಮೂಲ ಜಿಲ್ಲೆ, ಕೇಳಿದಂತೆಯೇ ಒಂದು ವಾಕ್ಯ, ಪಠ್ಯದ ಸಮಾನ ಪದ, ಇಷ್ಟಿರಲಿ. ಅಜ್ಜ–ಅಜ್ಜಿಯರಿರುವ ಮನೆಗಳಿಂದ ಆರಂಭಿಸುವುದು ಒಳ್ಳೆಯದು. ಪಾತ್ರೆ, ಒಕ್ಕಲುತನ, ಉಡುಗೆಗಳ ಹೆಸರುಗಳು ಅವರಲ್ಲಿ ಹೆಚ್ಚು ಸಿಗುತ್ತವೆ.