ಅಮ್ಮನ ಭುಜನೋವು ಮತ್ತು ಒಂದು ಪಿಯಾನೋ ಬೆಂಚ್

(ಈ ವಾರದ ಪಾಡ್‌ಕಾಸ್ಟ್‌ನ ಅಕ್ಷರ ರೂಪ)

ಇವತ್ತಿನ ವಿಷಯ ಕೇಳಿ ನಗಬೇಡಿ. ಒಂದು ಬೆಂಚ್. ಪಿಯಾನೋ ಮುಂದೆ ಹಾಕ್ಕೊಂಡು ಕೂರೋ, ಎತ್ತರ ಹೆಚ್ಚುಕಮ್ಮಿ ಮಾಡಬಹುದಾದ ಬೆಂಚ್. ಮನೇಲಿ ಕೀಬೋರ್ಡ್ ಇರೋರು, ತಗೋಬೇಕು ಅಂದ್ಕೊಂಡಿರೋರು ಹತ್ತು ನಿಮಿಷ ಕೇಳಿ. ನಾನು ಇದರಲ್ಲಿ ಒಂದು ಸಲ ದುಡ್ಡು ಕಳ್ಕೊಂಡಿದ್ದೀನಿ.

ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಡಿಜಿಟಲ್ ಪಿಯಾನೋ ತಂದೆ, 88 ಕೀಗಳದ್ದು. ತಂದಿದ್ದು ನನಗೋಸ್ಕರ. ಆದ್ರೆ ನಾನು ಆಫೀಸಿಗೆ ಹೋದ ಮೇಲೆ ಅದರ ಮುಂದೆ ಕೂರ್ತಿದ್ದದ್ದು ಅಮ್ಮ. ಅವರು ಹುಡುಗಿ ಆಗಿದ್ದಾಗ ಹಾರ್ಮೋನಿಯಂ ಕಲಿತಿದ್ದರು. ಹಾರ್ಮೋನಿಯಂ ಅಂದ್ರೆ ಚಾಪೆ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಎಡಗೈಲಿ ತಿದಿ ಒತ್ತುತ್ತಾ ಬಲಗೈಲಿ ನುಡಿಸೋದು. ಇಲ್ಲಿ ಎರಡೂ ಕೈ ಮುಂದೆ ಚಾಚಿ ಕೀಗಳ ಮೇಲೆ ಇಡಬೇಕು. ಕೂರೋಕೆ ಇದ್ದದ್ದು ನಮ್ಮನೆ ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೊಂದು ದಿಂಬು.

ಮೂರು ತಿಂಗಳಿಗೆ ಅಮ್ಮ ನಿಲ್ಲಿಸಿಬಿಟ್ಟರು. "ಭುಜ ಹಿಡ್ಕೊಳ್ಳತ್ತೆ ಕಣೋ. 56 ಆಯ್ತು, ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬಿಡು" ಅಂದ್ರು. ನಾನೂ ಹೌದೇನೋ ಅಂದ್ಕೊಂಡು ಸುಮ್ಮನಾದೆ. ಈಗ ಅದನ್ನ ನೆನೆಸಿಕೊಂಡ್ರೆ ನಾಚಿಕೆ ಆಗತ್ತೆ.

ಆಮೇಲೊಂದು ದಿನ, ಶಿವಮೊಗ್ಗದ ಚಿಕ್ಕಮ್ಮನಿಗೆ ಕಳಿಸೋಕೆ ಅಂತ ಮೊದಲು ತೆಗೆದಿದ್ದ ವಿಡಿಯೋ ನೋಡ್ತಿದ್ದೆ. ಅದರಲ್ಲಿ ಅಮ್ಮನ ಭುಜ ಎರಡೂ ಕಿವಿ ಹತ್ತಿರ ಏರಿ ಕೂತಿದೆ. ಮೊಣಕೈ ಕೀಗಳಿಗಿಂತ ಕೆಳಗಿದೆ, ಮಣಿಕಟ್ಟು ಮಡಚಿಕೊಂಡಿದೆ. ಅರ್ಧ ಗಂಟೆ ಹಾಗೆ ಕೂತ್ರೆ ನನಗೂ ಭುಜ ಹಿಡಿಯತ್ತೆ. ತಪ್ಪು ವಯಸ್ಸಿಂದಲ್ಲ, ಕುರ್ಚಿದು.

ಟೇಪ್ ಹಿಡಿದು ಅಳೆದೆ. ನೆಲದಿಂದ ಬಿಳಿ ಕೀ ಮೇಲ್ಭಾಗಕ್ಕೆ 73 ಸೆಂಟಿಮೀಟರ್. ಸಾಮಾನ್ಯವಾಗಿ ಹೇಳಿಕೊಡೋ ಲೆಕ್ಕ ಏನಂದ್ರೆ, ಭುಜ ಸಡಿಲ ಬಿಟ್ಟು ಕೀ ಮೇಲೆ ಕೈ ಇಟ್ಟಾಗ ಮೊಣಕೈ ಕೀಗಳ ಮಟ್ಟದಲ್ಲಿ ಅಥವಾ ಸ್ವಲ್ಪವೇ ಮೇಲೆ ಇರಬೇಕು. ಇದರಿಂದ ಒಂದು ವಿಚಿತ್ರ ಆಗತ್ತೆ. ಕುಳ್ಳಗಿರೋರಿಗೆ ಎತ್ತರದ ಬೆಂಚ್ ಬೇಕು, ಎತ್ತರ ಇರೋರಿಗೆ ತಗ್ಗಿನದು. ನಾನು 5 ಅಡಿ 10 ಇಂಚು, ನನಗೆ 48 ಸೆಂಟಿಮೀಟರ್ ಸರಿಹೋಗತ್ತೆ. ಅಮ್ಮ 5 ಅಡಿ, ಅವರಿಗೆ 53 ಬೇಕು.

ಇದು ಎಲ್ಲರಿಗೂ ಒಂದೇ ಕಾನೂನು ಅಂತಲ್ಲ. ಕೆನಡಾದ ಪಿಯಾನೋ ವಾದಕ ಗ್ಲೆನ್ ಗೌಲ್ಡ್ ಕೂರ್ತಿದ್ದದ್ದು ನೆಲದಿಂದ ಸುಮಾರು 14 ಇಂಚು ಎತ್ತರದ ಕುರ್ಚಿ ಮೇಲೆ. ಅವರಪ್ಪ ಮಾಡಿಕೊಟ್ಟ ಮಡಚೋ ಕುರ್ಚಿ ಅದು. ಎಲ್ಲಿ ಹೋದರೂ ಅದನ್ನೇ ಹೊತ್ತುಕೊಂಡು ಹೋಗ್ತಿದ್ದರು. ಆದರೆ ಗಮನಿಸಿ, ಆ ಎತ್ತರ ಅವರೇ ಆರಿಸಿಕೊಂಡದ್ದು. ಅಮ್ಮನಿಗೆ ಆಯ್ಕೆನೇ ಇರಲಿಲ್ಲ.

ಸರಿ, ಬೆಂಚ್ ತಂದೆ. ಇಲ್ಲೇ ನಾನು ಎಡವಿದ್ದು. ಅಗ್ಗ ಅಂತ ಕತ್ತರಿ ಕಾಲಿನ, ಮಡಚೋ ಬೆಂಚ್ ತಗೊಂಡೆ. ಅದರಲ್ಲಿ ಎತ್ತರಕ್ಕೆ ಮೂರು ತೂತು. ಬದಲಾಯಿಸಬೇಕಂದ್ರೆ ಬೆಂಚ್ ವಾಲಿಸಿ, ಒಂದು ಕೈಲಿ ಸ್ಪ್ರಿಂಗ್ ಪಿನ್ ಎಳೆದು ಹಿಡಿದು, ಇನ್ನೊಂದು ಕೈಲಿ ಸೀಟ್ ಎತ್ತಬೇಕು. ನನಗೆ ಅರ್ಧ ನಿಮಿಷದ ಕೆಲಸ. ಎರಡು ವಾರ ಆದ ಮೇಲೆ ಗೊತ್ತಾಯ್ತು, ಅಮ್ಮ ನಾನು ಬಿಟ್ಟ ಎತ್ತರದಲ್ಲೇ ಕೂತು ನುಡಿಸ್ತಿದ್ದಾರೆ! ಯಾಕಮ್ಮಾ ಅಂದ್ರೆ, "ಆ ಪಿನ್ ನನ್ನ ಕೈಲಿ ಬರಲ್ಲ. ನೀನು ಕಾಲ್‌ನಲ್ಲಿ ಇರ್ತೀಯ, ಕರೆಯೋದು ಯಾಕೆ ಅಂತ."

ಬಾಕ್ಸ್ ಮೇಲೆ 'ಅಡ್ಜಸ್ಟಬಲ್' ಅಂತ ಬರೆದಿತ್ತು. ಯಾರಿಗೆ ಅಡ್ಜಸ್ಟಬಲ್? ಮನೇಲಿ ಯಾರ ಕೈಲಿ ಶಕ್ತಿ ಕಡಿಮೆಯೋ ಅವರು ಯಾರನ್ನೂ ಕರೆಯದೆ ಹೊಂದಿಸಿಕೊಳ್ಳೋ ಹಾಗಿರಬೇಕು. ಇಲ್ಲದಿದ್ರೆ ಅದು ಒಬ್ಬರ ಬೆಂಚ್, ಅಷ್ಟೇ.

ಅದನ್ನ ಅರ್ಧ ಬೆಲೆಗೆ ಮಾರಿ ಎರಡನೇದು ತಂದೆ. ನಾಲ್ಕು ಕಾಲು, ಎರಡೂ ಪಕ್ಕ ದೊಡ್ಡ ತಿರುಪು. ತಿರುಗಿಸಿದ ಹಾಗೆ ಸೀಟ್ ನಿಧಾನ ಏರತ್ತೆ, ಬೇಕಾದಲ್ಲಿ ನಿಲ್ಲತ್ತೆ. ಬೆಲೆ 6,800 ರೂಪಾಯಿ. ಬಿಕಾಂ ಓದಿದ ತಪ್ಪಿಗೆ ಲೆಕ್ಕ ಹಾಕದೆ ಇರೋಕಾಗಲ್ಲ. ಮೊದಲ ವರ್ಷಕ್ಕೇ ಪೂರ್ತಿ ಹಂಚಿದರೂ ದಿನಕ್ಕೆ 19 ರೂಪಾಯಿ ಬೀಳಲ್ಲ. ಲಿವರ್ ಎಳೆದರೆ ಏರಿಳಿಯೋ ಹೈಡ್ರಾಲಿಕ್ ಬೆಂಚ್ ಇನ್ನೂ ಸಲೀಸು, ಆದ್ರೆ ನನ್ನ ಬಜೆಟ್ ಮೀರಿತ್ತು.

ಅಂಗಡಿಗೆ ಹೋದ್ರೆ ಏನೇನು ನೋಡಬೇಕು? ಮೊದಲು, ನೀವಲ್ಲ, ಮನೆಯ ದೊಡ್ಡವರೋ ಮಕ್ಕಳೋ ತಿರುಪು ತಿರುಗಿಸಲಿ. ಕೂತ್ಕೊಂಡೇ ತಿರುಗಿಸೋಕೆ ಹೋಗಬೇಡಿ, ಭಾರಕ್ಕೆ ಬಿಗಿಯಾಗತ್ತೆ, ಒಳಗಿನ ಭಾಗವೂ ಸವೆಯತ್ತೆ. ಎರಡನೇದು, ಸೀಟ್ ಒತ್ತಿ ನೋಡಿ. ಸೋಫಾ ಥರ ಮೆತ್ತಗಿದ್ರೆ ನೀವು ಹೊಂದಿಸಿದ ಎತ್ತರ ಕೂತ ತಕ್ಷಣ ಹೋಯ್ತು. ಮೂರನೇದು, ಸೀಟಿನ ಮುಂದಿನ ಅರ್ಧದಲ್ಲಿ ಕೂತು ಎರಡೂ ಕಡೆ ವಾಲಿ. ಅಲುಗಾಡಿದ್ರೆ, ಕಿರ್ ಅಂದ್ರೆ ಬೇಡ. ಕೊನೇದು, ಕನಿಷ್ಠ ಕಾಲು ಗಂಟೆ ಕೂತೇ ಇರಿ. ಎರಡು ನಿಮಿಷಕ್ಕೆ ಎಲ್ಲ ಬೆಂಚೂ ಚೆನ್ನಾಗೇ ಇರತ್ತೆ.

ನಮ್ಮ ಬೆಂಚಿಗೂ ಕೊರತೆ ಇದೆ. 48ರಿಂದ 53ಕ್ಕೆ ಏರಿಸೋಕೆ ಸುಮಾರು 15 ಸುತ್ತು ತಿರುಗಿಸಬೇಕು. ಭಾರ ಇದೆ, ಆಚೆ ಈಚೆ ಎಳೆಯೋದು ಕಷ್ಟ. ಒಂದು ತಿಂಗಳಿಗೆ ಕಾಲಿನ ಬೋಲ್ಟ್ ಸಡಿಲ ಆಗಿ ನಾನೇ ಬಿಗಿ ಮಾಡಿದೆ. ಮತ್ತೆ 53ಕ್ಕೆ ಏರಿಸಿದಾಗ ಅಮ್ಮನ ಪಾದ ನೆಲಕ್ಕೆ ಸರಿಯಾಗಿ ಊರಲಿಲ್ಲ. ಅದಕ್ಕೆ ದೇವರ ಮನೆಯಿಂದ ಮಣೆ ತಂದು ಕಾಲ ಕೆಳಗೆ ಇಟ್ಟಿದ್ದೀವಿ. ಅವರು ಪೆಡಲ್ ಬಳಸಲ್ಲ, ಹಾಗಾಗಿ ನಡೆಯತ್ತೆ.

ಬೆಂಚ್ ಬಂತು, ನೋವು ಮಾಯ ಆಯ್ತು ಅಂತ ಹೇಳಲ್ಲ. ನೋವು ಜಾಸ್ತಿ ಇದ್ರೆ ಡಾಕ್ಟರ್ ಹತ್ರನೇ ಹೋಗಿ. ಆದ್ರೆ 20 ನಿಮಿಷಕ್ಕೆ ಎದ್ದುಬಿಡ್ತಿದ್ದ ಅಮ್ಮ ಈಗ 40 ನಿಮಿಷ ಕೂರ್ತಾರೆ. ಪಿಯಾನೋ ಕಾಲಿನ ಮೇಲೆ, ತಮಗೆ ಬೇಕಾದ ಎತ್ತರಕ್ಕೆ ಸರಿಯಾಗಿ, ಒಂದು ಸ್ಟಿಕ್ಕರ್ ಬೊಟ್ಟು ಅಂಟಿಸಿಕೊಂಡಿದ್ದಾರೆ. ಸೀಟ್ ಆ ಬೊಟ್ಟಿನ ಮಟ್ಟಕ್ಕೆ ಬಂದ್ರೆ ಮುಗೀತು. ಸಂಜೆ ನಾನು ಹೋದಾಗ ಬೆಂಚ್ ಅಲ್ಲೇ ಇರತ್ತೆ. 15 ಸುತ್ತು ಇಳಿಸಿಕೊಳ್ಳೋ ಕೆಲಸ ಈಗ ನಂದು.

ನಿಮ್ಮ ಮನೇಲಿ ಕೀಬೋರ್ಡ್ ಇದ್ರೆ ಇವತ್ತೇ ಒಂದು ವಿಡಿಯೋ ಮಾಡಿ, ಪಕ್ಕದಿಂದ. ಭುಜ ನೋಡಿ, ಮೊಣಕೈ ನೋಡಿ. ಏನು ಕಾಣಿಸ್ತು ಅಂತ ನನಗೆ ವಾಯ್ಸ್ ನೋಟ್ ಕಳಿಸಿ, ಮುಂದಿನ ವಾರ ಕೇಳಿಸ್ತೀನಿ. ಅಲ್ಲಿವರೆಗೆ ನೆಟ್ಟಗೆ ಕೂತ್ಕೊಳ್ಳಿ. ಸಿಗೋಣ.